ಕದ ತಟ್ಟಿದವರ ದಫ್ತರ

1973ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ, ಇಂದಿನ ಅಂತರ್ಜಾಲಕ್ಕೆ ಬೀಜಪ್ರಾಯವಾಗಿದ್ದ ಅರ್ಪಾನೆಟ್ ಎಂಬ ಗಣಕಜಾಲವು ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳನ್ನೂ ಸಂಶೋಧನಾಲಯಗಳನ್ನೂ ಒಂದಕ್ಕೊಂದು ಬೆಸೆದಿದ್ದ ಕಾಲದಲ್ಲಿ, ಬಾಬ್ ಮೆಟ್‌ಕಾಫ್ ಎಂಬ ತರುಣ ವಿಜ್ಞಾನಿಯೊಬ್ಬರು ತಮ್ಮ ಸಹವ್ಯವಸಾಯಿಗಳಿಗೆಂದು ಒಂದು ಚಿಕ್ಕ ಟಿಪ್ಪಣಿಯನ್ನು ಬರೆದು ಹಂಚಿದರು. ಕ್ರಿಸ್‌ಮಸ್ ಹಬ್ಬದ ಸಮಯವಾದುದರಿಂದ ತಲೆಬರಹವನ್ನು ವಿನೋದಕ್ಕಾಗಿ ಹಬ್ಬದ ಪದ್ಯವೊಂದರಿಂದ ತೆಗೆದುಕೊಂಡಿದ್ದರಾದರೂ, ಒಳಗಿದ್ದ ಸಂಗತಿ ವಿನೋದದ್ದಾಗಿರಲಿಲ್ಲ. ಜನ ತಮ್ಮ ಹೆಸರನ್ನೋ, ಹೆಸರಿನ ಮೊದಲಕ್ಷರಗಳನ್ನೋ, ತಮ್ಮ ಗಣಕದ ಹೆಸರನ್ನು ತಿರುವುಮುರುವು ಮಾಡಿಯೋ, ಕೀಲಿಮಣೆಯ ಮೇಲೆ ಒತ್ತಾಗಿರುವ ಅಕ್ಷರಗಳ ಒಂದು ಸಾಲನ್ನೋ ಪಾಸ್‌ವರ್ಡ್ ಆಗಿ ಇಟ್ಟುಕೊಳ್ಳುತ್ತಿದ್ದಾರೆ. ಜಾಲದೊಳಕ್ಕೆ ಪ್ರವೇಶ ಕೊಡುವ ಟೆಲಿಫೋನು ಸಂಖ್ಯೆಗಳು ಗೋಡೆಬರಹಗಳಂತೆ ಎಲ್ಲರ ಕಣ್ಣಿಗೂ ಬೀಳುತ್ತಿವೆ. ಪರರ ಯಂತ್ರವನ್ನು ಭೇದಿಸುವುದು ಒಂದು ಜಾಣತನದ ಆಟವೆಂಬ ಭಾವನೆ ಇನ್ನೂ ಅಳಿದಿಲ್ಲ. ಲಾಸ್ ಏಂಜಲೀಸಿನ ಇಬ್ಬರು ಹೈಸ್ಕೂಲು ಹುಡುಗರು ಒಂದು ಗಣಕದ ಪರಮಾಧಿಕಾರದ ಪಾಸ್‌ವರ್ಡನ್ನೇ ಹಿಡಿದುಬಿಟ್ಟಿದ್ದಾರೆ. ಆ ಟಿಪ್ಪಣಿಯ ತೇದಿಯನ್ನು ಅಳಿಸಿ ನಿನ್ನೆಯದನ್ನು ಬರೆದರೆ, ಟೆಲಿಫೋನಿನ ಮಾತೊಂದನ್ನು ಬಿಟ್ಟು ಬೇರೆ ಏನನ್ನೂ ತಿದ್ದಬೇಕಾಗಿ ಬರದು.

ಕದಕ್ಕೆ ಅಗಳಿ ಹಾಕುವ ವಿದ್ಯೆಯ ಚರಿತ್ರೆಯನ್ನು ಬರೆದವರು ಬಹುಮಂದಿ. ನನಗೆ ಅದಕ್ಕಿಂತ ಹೆಚ್ಚು ಸ್ವಾರಸ್ಯವಾಗಿ ತೋರುವುದು ಅದರ ಬಡ ತಂಗಿಯಂತಿರುವ ಇನ್ನೊಂದು ವಿದ್ಯೆ: ಕದವನ್ನು ತಟ್ಟಿದವರು ಯಾರು, ಎಷ್ಟು ಹೊತ್ತಿನಲ್ಲಿ, ಯಾವ ದಿಕ್ಕಿನಿಂದ ಬಂದರೆಂಬುದನ್ನು ಬರೆದಿಟ್ಟು, ಅವರು ಹೊರಟು ಬಂದ ಮನೆಯ ಯಜಮಾನನಿಗೆ ತಿಳುಹುವ ವಿದ್ಯೆ. ಅದು ಸಿಪಾಯಿಯ ಕಾವಲಿನಿಂದ ಹುಟ್ಟಿದ್ದಲ್ಲ, ಲೆಕ್ಕ ಬರೆಯುವವನ ಮನಸ್ಸಿನಿಂದ ಹುಟ್ಟಿದ್ದು.

1986ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ಗಣಕಕೇಂದ್ರಕ್ಕೆ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳಜ್ಞರು ಹೊಸದಾಗಿ ಬಂದಿದ್ದರು. ದೂರದರ್ಶಕದ ಕೆಲಸಕ್ಕಿದ್ದ ಅನುದಾನ ತೀರಿಹೋಗಲು, ಪ್ರಯೋಗಾಲಯದವರು ಅವರನ್ನು ಮನೆಗೆ ಕಳುಹದೆ ಗಣಕಗಳ ಉಸ್ತುವಾರಿಗೆ ಹಾಕಿದ್ದರು. ವಿಜ್ಞಾನಿಗಳು ಗಣಕವನ್ನು ಎಷ್ಟು ಹೊತ್ತು ಬಳಸಿದರೋ ಅಷ್ಟಕ್ಕೆ ಹಣ ಕೊಡಬೇಕಾಗಿದ್ದ ಕಾಲವದು. ಆ ಲೆಕ್ಕವನ್ನು ಯಂತ್ರದ ಸ್ವಂತ ವ್ಯವಸ್ಥೆಯೊಂದು ಇಡುತ್ತಿತ್ತು, ಪ್ರಯೋಗಾಲಯದವರೇ ಬರೆಸಿಕೊಂಡಿದ್ದ ಇನ್ನೊಂದು ವ್ಯವಸ್ಥೆಯೂ ಇಡುತ್ತಿತ್ತು. ಎರಡು ಲೆಕ್ಕಗಳೂ ತಾಳೆ ಬೀಳಬೇಕು. ಆ ತಿಂಗಳು ಬೀಳಲಿಲ್ಲ. ವ್ಯತ್ಯಾಸ 75 ಸೆಂಟು. ಅಷ್ಟು ಅಲ್ಪವಾದ ಮೊತ್ತವನ್ನು ಬುದ್ಧಿವಂತನಾದ ಯಾವ ಅಧಿಕಾರಿಯೂ ಕೈಬಿಡುತ್ತಿದ್ದನು. ಆದರೆ ನಮ್ಮ ಹಳೆಯ ಶಾನುಭೋಗರೂ ಬಲ್ಲ ಸಂಗತಿಯೊಂದುಂಟು: ದೊಡ್ಡ ವ್ಯತ್ಯಾಸಕ್ಕೆ ಕಾರಣ ಬೇಗ ಸಿಕ್ಕುತ್ತದೆ, ಕಾಸಿನ ವ್ಯತ್ಯಾಸ ಪ್ರಾಣ ಹಿಂಡುತ್ತದೆ. ಸ್ಟೋಲ್ ಅವರು ಹುಡುಕಿದಾಗ, ಹಂಟರ್ ಎಂಬ ಹೆಸರಿನಲ್ಲಿ, ಬಿಲ್ಲು ಕಳುಹಿಸಲು ವಿಳಾಸವೇ ಇಲ್ಲದ ಖಾತೆಯೊಂದು ಕಂಡಿತು. ಅದನ್ನು ಅಳಿಸಿದರು. ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು.

ಮುಗಿಯದಂತೆ ಮಾಡಿದ್ದು ಒಂದು ದೂರು. ಪೂರ್ವ ಕರಾವಳಿಯ ಮೇರಿಲೆಂಡಿನಲ್ಲಿದ್ದ ಡಾಕ್‌ಮಾಸ್ಟರ್ ಎಂಬ ಸರಕಾರೀ ಗಣಕದವರು, ತಮ್ಮ ಯಂತ್ರದೊಳಕ್ಕೆ ನುಗ್ಗಲು ಬರ್ಕ್‌ಲಿಯಿಂದ ಯಾರೋ ಪ್ರಯತ್ನಪಟ್ಟರೆಂದು ತಿಳಿಸಿದರು. ಈ ದೂರಿನ ಮಹತ್ತ್ವವನ್ನು ಚರಿತ್ರೆ ಹೇಳುವವರು ಸಾಮಾನ್ಯವಾಗಿ ಹಾರಿಸಿಬಿಡುತ್ತಾರೆ. ನನಗಾದರೋ ಇಡೀ ಪ್ರಕರಣದ ಕೀಲು ಇದೇ ಎನಿಸುತ್ತದೆ. ಬರ್ಕ್‌ಲಿಯವರು ತಾವು ಕಳವಿಗೆ ಗುರಿಯಾದವರೆಂದು ಅರಿಯುವ ಮೊದಲೇ ತಮ್ಮನ್ನು ಕಳ್ಳರೆಂದು ಕರೆಸಿಕೊಂಡರು. ಕಳ್ಳನು ಅವರ ಮನೆಯ ಹಿತ್ತಿಲಿನಿಂದ ಹಾದು ಪಕ್ಕದ ಮನೆಯ ಗೋಡೆಗೆ ಏಣಿ ಹಾಕುತ್ತಿದ್ದನು. ಜಾಲದ ಮೇಲಿನ ಕಳ್ಳತನದ ಲಕ್ಷಣವೇ ಅದು: ಹೆಜ್ಜೆಗುರುತು ಯಾವಾಗಲೂ ಇನ್ನೊಬ್ಬ ನಿರಪರಾಧಿಯ ಅಂಗಳಕ್ಕೆ ಕರೆದೊಯ್ಯುತ್ತದೆ. ಬಳಸಿದ್ದ ಖಾತೆಯಾದರೂ, ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದ ಹಳೆಯ ಸಹೋದ್ಯೋಗಿಯೊಬ್ಬರದು.

ಆ ಬಳಿಕ ಸ್ಟೋಲ್ ಅವರು ಮಾಡಿದ ಕಾರ್ಯ ಖಗೋಳಜ್ಞನಿಗೆ ಮಾತ್ರ ತೋಚುವಂಥದು. ಪ್ರಯೋಗಾಲಯಕ್ಕೆ ಹೊರಗಿನಿಂದ ಬರುತ್ತಿದ್ದ ತಂತಿಗಳು ಸುಮಾರು 50. ಒಂದು ಶುಕ್ರವಾರ ಸಂಜೆ, ಸಹೋದ್ಯೋಗಿಗಳು ಮನೆಗೆ ತೆರಳಿದ ಮೇಲೆ, ಅವರ ಮೇಜುಗಳ ಮೇಲಿದ್ದ ಪ್ರಿಂಟರುಗಳನ್ನೂ ಟೆಲಿಟೈಪುಗಳನ್ನೂ ಪುಟ್ಟ ಗಣಕಗಳನ್ನೂ ಹೇಳದೆ ಕೇಳದೆ ಕೈಗಾಡಿಯಲ್ಲಿ ತುಂಬಿ ತಂದು, ತಂತಿಗೊಂದರಂತೆ ಕಟ್ಟಿ, ಅವುಗಳ ನಡುವೆ ನೆಲದ ಮೇಲೆ ಮಲಗಿ ನಿದ್ರಿಸಿದರು. ಗಣಕದೊಳಗೆ ಕಾವಲಿಟ್ಟರೆ ಒಳಬಂದವನಿಗೆ ಅದು ಗೋಚರಿಸೀತು. ತಂತಿಗೆ ಹೊರಗಿನಿಂದ ಕಟ್ಟಿದ ಪ್ರಿಂಟರು ಅವನಿಗೆ ಗೋಚರಿಸುವಂತಿಲ್ಲ. ವಾರಾಂತ್ಯ ಕಳೆಯುವುದರೊಳಗೆ ಒಂದು ಪ್ರಿಂಟರು 80 ಅಡಿ ಉದ್ದದ ಕಾಗದವನ್ನು ಉಗುಳಿತ್ತು: ಅತಿಥಿಯು ಮೂರು ಗಂಟೆಗಳ ಕಾಲ ಒತ್ತಿದ ಪ್ರತಿಯೊಂದು ಅಕ್ಷರವೂ, ಅದಕ್ಕೆ ಗಣಕವು ಕೊಟ್ಟ ಪ್ರತಿಯೊಂದು ಉತ್ತರವೂ ಅದರಲ್ಲಿದ್ದವು. ಎಮ್ಯಾಕ್ಸ್ ಎಂಬ ಬರೆವಣಿಗೆಯ ತಂತ್ರಾಂಶದಲ್ಲಿ ಅಂಚೆ ಸಾಗಿಸಲು ಇದ್ದ ಒಂದು ಕಿಂಡಿಯಿಂದ ಅವನು ಪರಮಾಧಿಕಾರವನ್ನು ಪಡೆದಿದ್ದನೆಂಬುದು ಆ ಕಾಗದವನ್ನು ಓದಿದಾಗ ತಿಳಿಯಿತು. ಅಂದಿನಿಂದ ಸ್ಟೋಲ್ ಅವರು ನಕ್ಷತ್ರವೀಕ್ಷಕರ ಕ್ರಮದಲ್ಲಿ ದಿನಚರಿಯನ್ನು ತೆರೆದು ತೇದಿ, ಗಳಿಗೆ, ಕಂಡದ್ದು, ಇವಿಷ್ಟನ್ನು ಬಿಡದೆ ದಾಖಲಿಸಿದರು.

ಅತಿಥಿಯ ವಿದ್ಯೆಯೇನೂ ಅಸಾಧಾರಣವಾದುದಲ್ಲ. ಅವನಲ್ಲಿದ್ದುದು ಮಂದಬುದ್ಧಿಯ ತಾಳ್ಮೆ. ಗಣಕವನ್ನು ತಯಾರಿಸಿದವರೇ ಕಾರ್ಖಾನೆಯಲ್ಲಿ ಹಾಕಿ ಕಳುಹಿಸುವ ಖಾತೆಗಳುಂಟಷ್ಟೆ, ಸಿಸ್ಟಮ್ ಎಂಬ ಹೆಸರಿಗೆ ಮ್ಯಾನೇಜರ್ ಎಂಬ ಪಾಸ್‌ವರ್ಡ್, ಫೀಲ್ಡ್ ಎಂಬುದಕ್ಕೆ ಸರ್ವಿಸ್ ಎಂಬುದು, ಇಂಥವು. ಕೊಂಡವರು ಅವನ್ನು ಬದಲಿಸದೆ ಬಿಟ್ಟಿರುತ್ತಿದ್ದರು. ಅವನು ಒಂದೊಂದು ಮನೆಗೂ ಹೋಗಿ ಅದೇ ನಾಲ್ಕೈದು ಕೀಲಿಕೈಗಳನ್ನು ತಿರುಗಿಸಿ ನೋಡಿ, ತೆರೆಯದಿದ್ದರೆ ಮುಂದಿನ ಮನೆಗೆ ಹೋಗುತ್ತಿದ್ದನು. ಸುಮಾರು 450 ಗಣಕಗಳ ಕದ ತಟ್ಟಿ 30ಕ್ಕೆ ಮಿಕ್ಕಿದವುಗಳಲ್ಲಿ ಒಳಹೊಕ್ಕನು. ಅವನ ಕೈ ಮಿತಿಮೀರಿ ಅಪಾಯದ ಕಡೆಗೆ ಚಾಚಿದಾಗ ಸ್ಟೋಲ್ ಅವರು ಸಂಪರ್ಕವನ್ನು ಕಡಿಯದೆ, ತಮ್ಮ ಜೇಬಿನಲ್ಲಿದ್ದ ಕೀಲಿಗೊಂಚಲನ್ನು ತಂತಿಯ ತುದಿಗಳ ಮೇಲೆ ಕುಲುಕಿ ಗರಗರ ಎಬ್ಬಿಸುತ್ತಿದ್ದರು. ಟೆಲಿಫೋನ್ ತಂತಿಯೇ ಕೆಟ್ಟಿದೆಯೆಂದು ಅವನು ಬೇಸತ್ತು ಹಿಂದೆಗೆಯುತ್ತಿದ್ದನು.

ದಫ್ತರ ಬೆಳೆಯಿತು, ಅದನ್ನು ಕೊಡೋಣವೆಂದರೆ ತೆಗೆದುಕೊಳ್ಳುವವರಿರಲಿಲ್ಲ. 75 ಸೆಂಟಿನ ನಷ್ಟಕ್ಕೆ ತನಿಖೆ ನಡೆಸಲು ಎಫ್‌ಬಿಐ ಒಪ್ಪಲಿಲ್ಲ. ಬೇರೆ ಬೇರೆ ಇಲಾಖೆಗಳವರು ಆಸಕ್ತಿಯಿಂದ ಕೇಳಿಕೊಂಡರು, ತಮ್ಮ ಅಧಿಕಾರವ್ಯಾಪ್ತಿಗೆ ಸೇರಿದ್ದಲ್ಲವೆಂದರು. ತಟ್ಟಿಸಿಕೊಂಡ ಗಣಕಗಳ ಒಡೆಯರಿಗೆ ಸ್ಟೋಲ್ ಅವರು ತಾವೇ ಫೋನು ಮಾಡಿ ಹೇಳುತ್ತ ಹೋದರು. ಎಷ್ಟೋ ಮಂದಿ ನಂಬಲೇ ಇಲ್ಲ. ಕಡೆಗೆ ಜಾಡು ಜರ್ಮನಿಯ ಬ್ರೆಮೆನ್ ವಿಶ್ವವಿದ್ಯಾಲಯವನ್ನು ಹಾದು ಹ್ಯಾನೋವರ್ ನಗರವನ್ನು ಮುಟ್ಟಿತು. ಅಲ್ಲಿನ ಟೆಲಿಫೋನ್ ವಿನಿಮಯಕೇಂದ್ರವೋ ಹಳೆಯ ಕಾಲದ ಯಾಂತ್ರಿಕ ಸ್ವಿಚ್ಚುಗಳದು. ಕರೆಯೊಂದನ್ನು ಪತ್ತೆಹಚ್ಚಬೇಕಾದರೆ ತಂತ್ರಜ್ಞನೊಬ್ಬನು ಸ್ವತಃ ಹೋಗಿ ತಂತಿಯಿಂದ ತಂತಿಗೆ ನೋಡಿಕೊಂಡು ಹೋಗಬೇಕು. ಅದಕ್ಕೆ ಬೇಕಾದ ಕಾಲ ಹೆಚ್ಚು, ಕಳ್ಳನು ನಿಲ್ಲುವ ಕಾಲ ಕಡಮೆ. ಅವನನ್ನು ನಿಲ್ಲಿಸಿಕೊಳ್ಳಲೆಂದು, ಇಲ್ಲದ ಸೈನಿಕ ಯೋಜನೆಯೊಂದರ ಹೆಸರಿನಲ್ಲಿ ರಾಶಿರಾಶಿ ಸುಳ್ಳು ಕಡತಗಳನ್ನು ಸೃಷ್ಟಿಸಿ ಗಣಕದಲ್ಲಿಟ್ಟರು. ಅವನು ಅವನ್ನು ಓದುತ್ತ ಕುಳಿತನು. ಹ್ಯಾನೋವರಿನ ತಂತ್ರಜ್ಞನು ತಂತಿಯ ಕೊನೆಯನ್ನು ಮುಟ್ಟಿದನು. ಮಾರ್ಕುಸ್ ಹೆಸ್ ಎಂಬ ಆ ತರುಣನೂ ಅವನ ಸಂಗಡಿಗರೂ ತಾವು ಕದ್ದುದನ್ನು ಸೋವಿಯತ್ ಗೂಢಚಾರ ಸಂಸ್ಥೆಗೆ ಮಾರುತ್ತಿದ್ದರೆಂಬುದು ಬಯಲಾಗಿ, 1990ರಲ್ಲಿ ಅವರಿಗೆ ಶಿಕ್ಷೆಯಾಯಿತು; ಶಿಕ್ಷೆಯನ್ನು ಅಮಾನತಿನಲ್ಲಿಟ್ಟುದರಿಂದ ಸೆರೆಮನೆಯ ಪ್ರಶ್ನೆ ಏಳಲಿಲ್ಲ.

ದೂರು ಕೊಡುವುದಕ್ಕೆ ಒಂದು ಚಾವಡಿಯೇ ಇಲ್ಲವೆಂಬ ಈ ಕೊರತೆ ನೀಗಬೇಕಾದರೆ ಒಂದು ಅನಾಹುತವೇ ನಡೆಯಬೇಕಾಯಿತು. 1988ರ ನವೆಂಬರ್ 2ರಂದು ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಹುಳು, ಎಂದರೆ ಗಣಕದಿಂದ ಗಣಕಕ್ಕೆ ತಾನಾಗಿಯೇ ಹರಡುವ ತಂತ್ರಾಂಶ, ಜಾಲದ ಸಾವಿರಾರು ಗಣಕಗಳನ್ನು ಸ್ತಂಭನಗೊಳಿಸಿತು. ಆ ಹುಳು ಬಳಸಿದ ಉಪಾಯಗಳಲ್ಲಿ ಒಂದು ಪಾಸ್‌ವರ್ಡನ್ನು ಊಹಿಸುವುದು: ಮೊದಲು ಬಳಕೆದಾರನ ಹೆಸರು, ಬಳಿಕ ಅದನ್ನೇ ಹಿಂದುಮುಂದಾಗಿಸಿದ್ದು, ಅನಂತರ ತನ್ನೊಳಗೇ ಹೊತ್ತು ತಂದಿದ್ದ 432 ಪದಗಳ ಒಂದು ಪಟ್ಟಿ. ಮೆಟ್‌ಕಾಫರು 15 ವರ್ಷಗಳ ಹಿಂದೆ ಎಚ್ಚರಿಸಿದ್ದುದೂ ಇದನ್ನೇ. ಆ ತಿಂಗಳಲ್ಲಿಯೇ ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸರ್ಟ್ ಎಂಬ ಸಮನ್ವಯಕೇಂದ್ರವು ಸ್ಥಾಪಿತವಾಯಿತು. ಇನ್ನು ಮೇಲೆ ಕದ ತಟ್ಟಿಸಿಕೊಂಡವರಿಗೆ ಹೋಗಿ ಹೇಳಿಕೊಳ್ಳಲು ಒಂದು ಜಾಗವಾಯಿತು.

ಡಚ್ಚರ ದೇಶದಲ್ಲಿ ಇದೇ ವಿದ್ಯೆ ಇನ್ನೊಂದು ಬಗೆಯಲ್ಲಿ ಬೆಳೆಯಿತು. ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಗಣಕಗಳಿಗೆ ನುಗ್ಗಿ ಮತ್ತೆ ಮತ್ತೆ ಎಲ್ಲವನ್ನೂ ಅಳಿಸಿಹಾಕುತ್ತಿದ್ದವನೊಬ್ಬನ ಕಾಟ ತಾಳಲಾರದೆ, ವೀಟ್ಸೆ ವೆನೆಮಾ ಎಂಬವರು ಬಾಗಿಲಿಗೂ ಒಳಗಿನ ಸೇವೆಗೂ ನಡುವೆ ಒಂದು ಪುಟ್ಟ ತಂತ್ರಾಂಶವನ್ನು ನಿಲ್ಲಿಸಿದರು. ಬಂದವರ ವಿಳಾಸವನ್ನು ಬರೆದುಕೊಂಡು ಸುಮ್ಮನೆ ಒಳಗೆ ಬಿಡುವುದಷ್ಟೇ ಮೊದಲಿಗೆ ಅದರ ಕೆಲಸ. ಆ ಕಾಲಕ್ಕೆ, 1991ರ ಜನವರಿಯಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಿಲ್ ಚೆಸ್ವಿಕ್ ಎಂಬವರು ಪಾಸ್‌ವರ್ಡಿನ ಕಡತವನ್ನು ಬೇಡಿಬಂದ ಆಗಂತುಕನೊಬ್ಬನಿಗೆ ತಾವೇ ಗಣಕವಾಗಿ ನಟಿಸಿದರು: ಅವನು ಕೊಟ್ಟ ಆಜ್ಞೆಗೆ ಗಣಕವು ಕೊಡಬಹುದಾದ ಉತ್ತರವನ್ನು ತಮ್ಮ ಕೈಯಿಂದ ಟೈಪು ಮಾಡಿ ಕಳುಹಿಸುತ್ತಿದ್ದರು, ತಡವಾದರೆ ಯಂತ್ರ ನಿಧಾನವಾಗಿದೆಯೆಂದು ಅವನು ಅಂದುಕೊಳ್ಳುತ್ತಿದ್ದನು. ಅವನು ಸ್ಟ್ಯಾನ್‌ಫರ್ಡಿನ ಗಣಕವೊಂದನ್ನು ಹಾದು ಬರುತ್ತಿದ್ದನಾದರೂ ವಾಸ ಹಾಲೆಂಡಿನಲ್ಲಿ. ಆ ದೇಶದಲ್ಲಿ ಅಂಥ ನುಗ್ಗುವಿಕೆಯನ್ನು ಅಪರಾಧವೆನ್ನುವ ಕಾನೂನು ಆಗಿನ್ನೂ ಹುಟ್ಟಿರಲಿಲ್ಲ.

1997ರ ವೇಳೆಗೆ ಈ ಪತ್ರವ್ಯವಹಾರಕ್ಕೆ ಒಂದು ಮರ್ಯಾದೆಯೇ ಏರ್ಪಟ್ಟಿತು. ಜಾಲದ ಮೇಲೆ ಮನೆಮಾಡಿದ ಪ್ರತಿಯೊಂದು ಸಂಸ್ಥೆಯೂ ‘ಅಬ್ಯೂಸ್’ ಎಂಬ ಹೆಸರಿನ ಅಂಚೆಪೆಟ್ಟಿಗೆಯನ್ನು ಇಟ್ಟುಕೊಂಡಿರಬೇಕು, ತನ್ನ ಕಡೆಯವರಿಂದ ಪರರಿಗಾದ ತೊಂದರೆಯ ದೂರುಗಳು ಅಲ್ಲಿಗೆ ಬರಬೇಕು ಎಂದು ಜಾಲದ ಹಿರಿಯರು ಗೊತ್ತುಪಡಿಸಿದರು. ಪತ್ರ ಬರೆಯುವವನು ವಿನಯದಿಂದ ಬರೆಯುತ್ತಿದ್ದನು. ಏಕೆಂದರೆ ಓದುವವನೂ ತನ್ನಂತೆಯೇ ನುಗ್ಗಿಸಿಕೊಂಡವನಾಗಿರಬಹುದು.

ಆ ವಿನಯದ ಕಾಲ ಹೆಚ್ಚು ದಿನ ಬಾಳಲಿಲ್ಲ. ಹೆಲ್ಸಿಂಕಿಯಲ್ಲಿ ತಾತು ಯ್ಲೊನೆನ್ ಎಂಬವರು, ತಮ್ಮ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡುಗಳನ್ನು ಕದ್ದಾಲಿಸಿದ ಮೇಲೆ, 1995ರಲ್ಲಿ ಎಸ್‌ಎಸ್‌ಎಚ್ ಎಂಬ ಗುಪ್ತಲಿಪಿಯ ಮಾರ್ಗವನ್ನು ರಚಿಸಿದ್ದರು. ಅದಕ್ಕೆ ಗಣಕದ 22ನೆಯ ಸಂಖ್ಯೆಯ ಬಾಗಿಲು, ಎಂದರೆ ಪೋರ್ಟ್, ದೊರಕಿತ್ತು. ಕದ್ದು ಕೇಳುವುದು ಅಸಾಧ್ಯವಾಗಲು ಕಳ್ಳರು ಹಳೆಯ ಊಹೆಯ ಕಸುಬಿಗೇ ಮರಳಿದರು. 2004ರ ಬೇಸಿಗೆಯಲ್ಲಿ ಲೋಕದ ಎಲ್ಲ ಕಡೆಯ 22ನೆಯ ಬಾಗಿಲುಗಳನ್ನೂ ‘ಟೆಸ್ಟ್’, ‘ಗೆಸ್ಟ್’ ಎಂಬ ಹೆಸರುಗಳಿಂದ ಯಂತ್ರಗಳು ತಟ್ಟತೊಡಗಿದವು. ಮನುಷ್ಯನು ತಟ್ಟುತ್ತಿದ್ದಾಗ ಒಂದು ರಾತ್ರಿಗೆ ಹತ್ತಿಪ್ಪತ್ತು ಸಲ, ಯಂತ್ರಕ್ಕೆ ಲೆಕ್ಕವುಂಟೆ? ಆ ವರ್ಷವೇ ಹುಟ್ಟಿದ ಫೇಲ್‌ಟುಬ್ಯಾನ್ ಎಂಬ ತಂತ್ರಾಂಶವು ದಫ್ತರವನ್ನು ತಾನೇ ಓದಿ, ಕೆಲವು ಸಲ ತಪ್ಪಿದವನ ವಿಳಾಸಕ್ಕೆ ಕೆಲಕಾಲ ಕದ ತೆರೆಯದಂತೆ ಮಾಡಿತು. ಉಪಯುಕ್ತವಾದುದೇ ಸರಿ, ನಾನೂ ಬಳಸಿದ್ದೇನೆ. ಆದರೆ ಅದು ಬಂದಂದಿನಿಂದ ಪತ್ರ ಬರೆಯುವ ಗೋಜು ತಪ್ಪಿ, ಪಕ್ಕದ ಮನೆಗೆ ಕಳ್ಳ ನುಗ್ಗಿದ್ದಾನೆಂದು ತಿಳಿದೂ ನಮ್ಮ ಕಿಟಕಿಯನ್ನು ಮುಚ್ಚಿ ಮಲಗುವುದು ರೂಢಿಯಾಯಿತೆಂದು ನನ್ನ ದೂರು. ಈ ರೂಢಿಗೆ ವ್ಯತಿರಿಕ್ತವಾಗಿ, ಫೇಲ್‌ಟುಬ್ಯಾನಿಗೂ ಮೊದಲೇ ನಡೆದಿದ್ದ ಒಂದು ಒಳ್ಳೆಯ ಪ್ರಯತ್ನವೆಂದರೆ, 2000ದ ಕೊನೆಯಲ್ಲಿ ಯೊಹಾನೆಸ್ ಉಲ್‌ರಿಚ್ ಎಂಬವರು ಆರಂಭಿಸಿದ ಡಿ-ಶೀಲ್ಡ್: ಸಾಮಾನ್ಯರು ತಮ್ಮ ತಮ್ಮ ದಫ್ತರಗಳನ್ನು ಒಂದೆಡೆ ಸುರಿದರು, 2001ರ ಮಾರ್ಚಿನಲ್ಲಿ 53ನೆಯ ಬಾಗಿಲಿನ ಮೇಲೆ ಒಮ್ಮೆಲೇ ಏರಿದ ಬಡಿತವನ್ನು ಕಂಡು ಲಯನ್ ಎಂಬ ಹುಳುವನ್ನು ಬೇಗನೆ ಗುರುತಿಸಲು ಆ ರಾಶಿಯೇ ನೆರವಾಯಿತು.

ನಮ್ಮ ದೇಶದಲ್ಲಿ ಸರ್ಟ್-ಇನ್ ಎಂಬ ಕೇಂದ್ರಸರಕಾರದ ಚಾವಡಿ 2004ರ ಜನವರಿಯಲ್ಲಿ ಕೆಲಸಕ್ಕೆ ತೊಡಗಿತು. ಅದು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ಗೊತ್ತುಪಡಿಸಿದ ಬಗೆಯ ಘಟನೆಗಳನ್ನು ತಿಳಿದ 6 ಗಂಟೆಗಳೊಳಗೆ ವರದಿ ಮಾಡತಕ್ಕದ್ದೆಂಬ ಮಾತು ಪತ್ರಿಕೆಗಳಲ್ಲಿ ಬಹಳ ಚರ್ಚೆಗೆ ಬಂತು. 180 ದಿನಗಳ ಲಾಗ್‌ಗಳನ್ನು, ಎಂದರೆ ದಫ್ತರಗಳನ್ನು, ಕಾಪಾಡಿಕೊಳ್ಳತಕ್ಕದ್ದೆಂಬುದನ್ನೂ, ಗಣಕಗಳ ಗಡಿಯಾರಗಳನ್ನು ಸರಕಾರದ ಕಾಲಮಾಪಕಕ್ಕೆ ಹೊಂದಿಸಿಕೊಳ್ಳತಕ್ಕದ್ದೆಂಬುದನ್ನೂ ಅಷ್ಟಾಗಿ ಯಾರೂ ಗಮನಿಸಲಿಲ್ಲ. ಎರಡು ಮನೆಗಳ ಗಡಿಯಾರಗಳು ಒಂದನ್ನೊಂದು ಒಪ್ಪದಿದ್ದರೆ ಎರಡು ದಫ್ತರಗಳನ್ನು ತಾಳೆ ನೋಡುವುದು ಹೇಗೆ?

ಅದನ್ನು ನಾನು ಕಲಿತದ್ದು ನಾಚಿಕೆಪಟ್ಟು. ಗೆಳೆಯರೊಬ್ಬರೂ ನಾನೂ ಸೇರಿ, ಹಳೆಯ ಕನ್ನಡ ಮಾಸಪತ್ರಿಕೆಗಳ ಚಿತ್ರಪ್ರತಿಗಳನ್ನಿಡಲು ಒಂದು ಸಣ್ಣ ಸರ್ವರನ್ನು ಬಾಡಿಗೆಗೆ ಹಿಡಿದಿದ್ದೆವು. ಒಂದು ಬೆಳಗ್ಗೆ, ಕಾಫಿಯ ಲೋಟ ಕೈಯಲ್ಲಿದ್ದಂತೆಯೇ, ಪರದೇಶದ ಅಪರಿಚಿತರೊಬ್ಬರ ಪತ್ರ ಬಂದಿತ್ತು: ನಿಮ್ಮ ಈ ವಿಳಾಸದಿಂದ ನಮ್ಮ ಗಣಕಕ್ಕೆ ಲಾಗಿನ್ ಪ್ರಯತ್ನಗಳು ನಡೆಯುತ್ತಿವೆ, ದಯವಿಟ್ಟು ಪರಿಶೀಲಿಸಿರಿ, ಕೆಳಗೆ ಲಾಗ್‌ನ ನಾಲ್ಕು ಸಾಲು. ನಮ್ಮದಿರಲಾರದೆಂದು ಖಂಡಿತವಾಗಿ ನಂಬಿ ನಮ್ಮ ದಫ್ತರವನ್ನು ತೆರೆದೆನು. ಅವರ ಗಳಿಗೆಗೆ ಐದೂವರೆ ಗಂಟೆ ಕೂಡಿಸಿ ಕೆಳಗಿಳಿಯುತ್ತ ಹೋದಾಗ, ಅದೇ ಸರಹೊತ್ತಿನಲ್ಲಿ, ನೂರಾರು ‘ಫೇಲ್ಡ್ ಪಾಸ್‌ವರ್ಡ್’ ಸಾಲುಗಳ ನಡುವೆ ‘ಆಕ್ಸೆಪ್ಟೆಡ್’ ಎಂಬ ಒಂದೇ ಒಂದು ಸಾಲು ಸಿಕ್ಕಿತು. ಖಾತೆಯ ಹೆಸರು ಟೆಸ್ಟ್, ಪಾಸ್‌ವರ್ಡೂ ಅದೇ, ಅದನ್ನು ತೆರೆದು ಮರೆತಿದ್ದವನು ನಾನೇ. ಖಾತೆಯನ್ನು ಅಳಿಸಿ, ಸರ್ವರನ್ನು ಬರಿದುಮಾಡಿ ಹೊಸದಾಗಿ ಕಟ್ಟಿ, ಕ್ಷಮೆ ಕೇಳಿ ನಮ್ಮ ಸಾಲುಗಳನ್ನೂ ಲಗತ್ತಿಸಿ ಉತ್ತರ ಬರೆದೆನು. ಅವರಿಂದ ಬಂದ ಮರುಪತ್ರದಲ್ಲಿ ಇದ್ದುದು ಎರಡೇ ವಾಕ್ಯ: ವಂದನೆಗಳು. ನಿಮ್ಮ ಗಡಿಯಾರ 40 ಸೆಕೆಂಡು ಮುಂದಿದೆ.