ದಾದಿಯ ಕೈಯಲ್ಲೊಂದು ಪರವಾನಗಿ, ಮುಂದೆ ಯಾವ ದೇಶ?

ಫಿಲಿಪ್ಪೀನ್ಸ್ ದೇಶದಲ್ಲಿ ನಾಲ್ಕು ವರ್ಷಗಳ ನರ್ಸಿಂಗ್ ಪದವಿ ಮುಗಿಸಿದವರು ಸರ್ಕಾರ ನಡೆಸುವ ಪರೀಕ್ಷೆಗೆ ಕೂರಬೇಕು. ಐದು ಭಾಗಗಳ ಆ ಪರೀಕ್ಷೆಯಲ್ಲಿ ಸರಾಸರಿ ಶೇಕಡಾ 75 ಅಂಕ ಬರಬೇಕು. ಯಾವ ಭಾಗದಲ್ಲೂ 60ಕ್ಕಿಂತ ಇಳಿಯಬಾರದು. ತೇರ್ಗಡೆಯಾಗಿ ಪರವಾನಗಿ ಕೈಗೆ ಬಂದ ದಿನ ಅನೇಕ ಮನೆಗಳಲ್ಲಿ ಕೇಳುವ ಪ್ರಶ್ನೆ ‘ಯಾವ ಆಸ್ಪತ್ರೆ?’ ಎಂದಲ್ಲ, ‘ಯಾವ ದೇಶ?’ ಎಂದು.

ಈ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಪರದೇಶಕ್ಕೆ ಹೊರಟ ದಾದಿ ಇಂದು ಹತ್ತಬೇಕಾದ ಮೆಟ್ಟಿಲುಗಳಲ್ಲಿ ಹಲವು ಹಳೆಯ ಘಟನೆಗಳಿಂದ ಹುಟ್ಟಿದವು.

1898ರ ಒಪ್ಪಂದದಲ್ಲಿ ಅಮೆರಿಕ ಎರಡು ಕೋಟಿ ಡಾಲರ್ ತೆತ್ತು ಸ್ಪೇನಿನಿಂದ ಈ ದ್ವೀಪಗಳನ್ನು ಪಡೆಯಿತು. ಅದರ ಹಿಂದೆಯೇ ಇಂಗ್ಲಿಷ್ ಶಾಲೆಗಳೂ ಆಸ್ಪತ್ರೆಗಳೂ ಬಂದವು. 1906ರಲ್ಲಿ ಇಲೋಯಿಲೋ ಪಟ್ಟಣದ ಮಿಷನ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. 1919ರಲ್ಲಿ ನರ್ಸಿಂಗ್ ಕಾನೂನು ಬಂತು. ಪಾಠಕ್ರಮ ಅಮೆರಿಕದ ಮಾದರಿಯದು, ಕಲಿಕೆಯ ಭಾಷೆ ಇಂಗ್ಲಿಷ್. ತಾಯ್ನಾಡಿನ ರೋಗಿಗಳಿಗಾಗಿ ತರಬೇತಾದ ಹುಡುಗಿ ತನಗರಿವಿಲ್ಲದೆಯೇ ಪರದೇಶದ ವಾರ್ಡಿಗೂ ಸಿದ್ಧಳಾಗಿದ್ದಳು.

ಬಾಗಿಲು ತೆರೆದದ್ದು 1948ರಲ್ಲಿ. ವಿದೇಶೀಯರು ಅಮೆರಿಕಕ್ಕೆ ಬಂದು ಎರಡು ವರ್ಷ ಕಲಿತು ಹಿಂದಿರುಗುವ ವಿನಿಮಯ ಯೋಜನೆಯೊಂದು ಆ ವರ್ಷ ಜಾರಿಗೆ ಬಂತು. 1956ರಿಂದ 1969ರವರೆಗೆ ಹನ್ನೊಂದು ಸಾವಿರಕ್ಕೂ ಹೆಚ್ಚು ಫಿಲಿಪಿನೋ ದಾದಿಯರು ಹೀಗೆ ಹೋದರು. ಹೆಸರಿಗೆ ಅದು ಕಲಿಕೆ. ಎಷ್ಟೋ ಆಸ್ಪತ್ರೆಗಳಿಗೆ ಅವರು ಕಡಿಮೆ ಭತ್ಯೆಗೆ ದೊರೆತ ಪೂರ್ಣಾವಧಿ ದಾದಿಯರು. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ಅಲ್ಲೇ ನೆಲೆಸುವ ದಾರಿಯೂ ತೆರೆಯಿತು.

ಮಾರ್ಕೋಸ್ ಆಡಳಿತ 1974ರ ಕಾರ್ಮಿಕ ಸಂಹಿತೆಯ ಮೂಲಕ ಹೊರದೇಶಕ್ಕೆ ದುಡಿಯುವವರನ್ನು ಕಳುಹಿಸುವುದನ್ನು ಸರ್ಕಾರದ ನೀತಿಯಾಗಿಸಿತು. ತೈಲದ ಹಣದಿಂದ ಕೊಲ್ಲಿ ರಾಷ್ಟ್ರಗಳಲ್ಲಿ ಹೊಸ ಆಸ್ಪತ್ರೆಗಳು ಏಳುತ್ತಿದ್ದ ಕಾಲವದು.

ಹೋದವರೆಲ್ಲರ ಬಾಳು ಸುಗಮವಾಗಲಿಲ್ಲ. ಅಮೆರಿಕದ ರಾಜ್ಯಗಳ ಪರವಾನಗಿ ಪರೀಕ್ಷೆಯಲ್ಲಿ ಸೋತ ಅನೇಕರು ಸಹಾಯಕಿಯರಾಗಿ ದುಡಿದರು. ಹೊರಡುವ ಮೊದಲೇ ಅರ್ಹತೆ ಪರೀಕ್ಷಿಸಲೆಂದು 1977ರಲ್ಲಿ ಅಲ್ಲಿ ಒಂದು ಆಯೋಗ ಸ್ಥಾಪನೆಯಾಯಿತು. ಅದೇ ವರ್ಷ ಮಿಷಿಗನ್ನಿನ ಆಸ್ಪತ್ರೆಯೊಂದರಲ್ಲಿ ರೋಗಿಗಳಿಗೆ ವಿಷವಿಕ್ಕಿದ ಆರೋಪದ ಮೇಲೆ ಫಿಲಿಪಿನಾ ನಾರ್ಸಿಸೊ ಮತ್ತು ಲಿಯೊನೋರಾ ಪೆರೆಜ್ ಎಂಬ ದಾದಿಯರು ತಪ್ಪಿತಸ್ಥರೆಂಬ ತೀರ್ಪು ಬಂತು. ಆ ತೀರ್ಪು ರದ್ದಾಗಿ, 1978ರಲ್ಲಿ ಆರೋಪಗಳನ್ನೇ ಕೈಬಿಡಲಾಯಿತು.

1995ರ ಮಾರ್ಚ್‌ನಲ್ಲಿ ಸಿಂಗಪುರದಲ್ಲಿ ಮನೆಗೆಲಸದ ಫ್ಲೋರ್ ಕಾಂಟೆಂಪ್ಲಾಸಿಯೋನ್‌ಳನ್ನು ಗಲ್ಲಿಗೇರಿಸಿದಾಗ ಫಿಲಿಪ್ಪೀನ್ಸ್ ಕೆರಳಿತು. ವಲಸೆ ಕಾರ್ಮಿಕರ ರಕ್ಷಣೆಯ ಕಾನೂನು ಆ ವರ್ಷವೇ ಬಂತು.

2006ರ ಜೂನ್ ಪರೀಕ್ಷೆಯ ಪ್ರಶ್ನೆಗಳು ಸೋರಿದವು. ಆ ತಂಡದವರು ಸಂಬಂಧಪಟ್ಟ ಭಾಗಗಳನ್ನು ಮತ್ತೆ ಬರೆಯದಿದ್ದರೆ ವೀಸಾಕ್ಕೆ ಬೇಕಾದ ಪ್ರಮಾಣಪತ್ರ ಕೊಡುವುದಿಲ್ಲವೆಂದು ಅಮೆರಿಕದ ಆಯೋಗ ಹೇಳಿತು. ತಪ್ಪು ಕೆಲವರದು, ದಂಡ ಎಲ್ಲರಿಗೂ.

ಇಂದು ಹೊಸ ದಾದಿ ಸಾಮಾನ್ಯವಾಗಿ ಊರಿನ ಆಸ್ಪತ್ರೆಯಲ್ಲಿ ಒಂದೆರಡು ವರ್ಷ ಅನುಭವ ಗಳಿಸುತ್ತಾಳೆ. ಬಳಿಕ ಇಂಗ್ಲಿಷ್ ಅಥವಾ ಹೋಗಲಿರುವ ದೇಶದ ಭಾಷೆಯ ಪರೀಕ್ಷೆ, ಆ ದೇಶದ ನರ್ಸಿಂಗ್ ಪರೀಕ್ಷೆ. ಅಮೆರಿಕದ ಪರೀಕ್ಷೆಯನ್ನು 2007ರಿಂದ ಮನಿಲಾದಲ್ಲೇ ಬರೆಯಬಹುದು. ನೇಮಕಾತಿ ಸಂಸ್ಥೆಗೆ ಸರ್ಕಾರದ ಪರವಾನಗಿ ಇದೆಯೇ ಎಂದು ನೋಡಿಕೊಳ್ಳಬೇಕು. ಈ ಉಸ್ತುವಾರಿ ಈಗ 2021ರ ಕಾನೂನಿನಿಂದ ರಚನೆಯಾದ ವಲಸೆ ಕಾರ್ಮಿಕರ ಇಲಾಖೆಯದು. ಕರಾರಿನ ಪರಿಶೀಲನೆ, ವೈದ್ಯಕೀಯ ತಪಾಸಣೆ, ಪ್ರಯಾಣಪೂರ್ವ ತಿಳಿವಳಿಕೆ ಶಿಬಿರ ಮುಗಿದು ಉದ್ಯೋಗ ಪ್ರಮಾಣಪತ್ರ ಸಿಕ್ಕ ಮೇಲಷ್ಟೇ ವಿಮಾನ.

2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣಕ್ಕೆ ಸರ್ಕಾರ ಈ ಪಯಣವನ್ನೇ ತಡೆಯಿತು. ನವೆಂಬರ್‌ನಲ್ಲಿ ವರ್ಷಕ್ಕೆ 5,000 ಮಂದಿಯ ಮಿತಿ ಹಾಕಿ ಬಿಟ್ಟಿತು. ಮುಂದೆ ಅದನ್ನು ಏರಿಸಿತು. ಆ ಡಿಸೆಂಬರ್ 8ರಂದು ಬ್ರಿಟನ್ನಿನ ಲಸಿಕೆ ಅಭಿಯಾನದ ಮೊದಲ ಚುಚ್ಚುಮದ್ದು ಕೊಟ್ಟವರು ಮೇ ಪಾರ್ಸನ್ಸ್, ಫಿಲಿಪ್ಪೀನ್ಸ್ ಮೂಲದ ದಾದಿ.

ಹೆಮ್ಮೆಯ ಮಾತೇ ಸರಿ. ಆದರೆ ಸರ್ಕಾರಿ ದಾದಿಯರಿಗೆ 2002ರ ಕಾನೂನು ಮಾತು ಕೊಟ್ಟಿದ್ದ ಆರಂಭಿಕ ವೇತನ ಶ್ರೇಣಿ ಜಾರಿಗೆ ಬಂದದ್ದು 2020ರಲ್ಲಿ. ಹೊರಗೆ ಹೋಗಲು ಇಷ್ಟೊಂದು ಮೆಟ್ಟಿಲು ಕಟ್ಟಿದ ದೇಶಕ್ಕೆ, ಮನೆಯಲ್ಲೇ ಉಳಿಯುವವಳಿಗೆ ಒಂದು ಮೆಟ್ಟಿಲು ಕಟ್ಟಲು ಹದಿನೆಂಟು ವರ್ಷ ಹಿಡಿಯಿತು.