ಒಂದೇ ಬಂಡೆ, ಎರಡು ಹುಡುಕಾಟ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತದ ಭೂವಿಜ್ಞಾನಿಗಳ ಮುಂದೆ ಎರಡು ದೊಡ್ಡ ಪ್ರಶ್ನೆಗಳಿದ್ದವು. ಈ ನೆಲದಲ್ಲಿ ಯುರೇನಿಯಂ ಎಲ್ಲಿದೆ? ಈ ನೆಲದಡಿಯಲ್ಲಿ ನೀರು ಎಷ್ಟಿದೆ? ಮೊದಲನೆಯದು ಅಣುಶಕ್ತಿಯ ಕನಸಿಗೆ ಸೇರಿದ್ದು, ಎರಡನೆಯದು ಅನ್ನದ ಚಿಂತೆಗೆ ಸೇರಿದ್ದು. ಎರಡಕ್ಕೂ ಬೇರೆ ಬೇರೆ ಕಚೇರಿಗಳಾದವು, ಬೇರೆ ಬೇರೆ ಕಡತಗಳಾದವು. ಆದರೆ ಬಂಡೆಗೆ ಇಲಾಖೆಗಳ ಗಡಿ ಗೊತ್ತಿಲ್ಲ. ಅರ್ಧ ಶತಮಾನ ಕಳೆದ ಮೇಲೆ ಈ ಎರಡೂ ಪ್ರಶ್ನೆಗಳು ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಕೊಳವೆ ಬಾವಿಗಳಲ್ಲಿ ಒಂದಾಗಿ ಎದುರು ನಿಂತವು.

1851ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಹುಟ್ಟಿದ್ದು ಮುಖ್ಯವಾಗಿ ಕಲ್ಲಿದ್ದಲಿನ ಶೋಧಕ್ಕಾಗಿ. ಯುರೇನಿಯಂ ಬಹುಕಾಲ ಕುತೂಹಲದ ವಸ್ತುವಾಗಿಯೇ ಉಳಿಯಿತು. 1945ರಲ್ಲಿ ಹಿರೋಷಿಮಾದ ಮೇಲೆ ಬಾಂಬು ಬಿದ್ದ ನಂತರ ಅದರ ಬೆಲೆ ಏನೆಂಬುದು ಜಗತ್ತಿಗೆಲ್ಲ ತಿಳಿಯಿತು. 1948ರಲ್ಲಿ ಹೋಮಿ ಭಾಭಾ ಅವರ ಅಧ್ಯಕ್ಷತೆಯಲ್ಲಿ ಪರಮಾಣು ಶಕ್ತಿ ಆಯೋಗ ರಚನೆಯಾಯಿತು. ಮರುವರ್ಷವೇ ವಿರಳ ಖನಿಜಗಳ ಸಮೀಕ್ಷೆಗೆಂದು ಒಂದು ಪುಟ್ಟ ಘಟಕ ಆರಂಭವಾಯಿತು. ಅದರ ಹೊಣೆ ಹೊತ್ತವರು ಡಿ.ಎನ್. ವಾಡಿಯಾ. ಜಮ್ಮುವಿನ ಕಾಲೇಜಿನಲ್ಲಿ ಪಾಠ ಹೇಳುತ್ತ ಹಿಮಾಲಯದ ಶಿಲೆಗಳನ್ನು ಅಭ್ಯಾಸ ಮಾಡಿದ್ದ, 1919ರಷ್ಟು ಹಿಂದೆಯೇ ಭಾರತದ ಭೂವಿಜ್ಞಾನ ಕುರಿತು ಪ್ರಮಾಣ ಗ್ರಂಥ ಬರೆದಿದ್ದ ಅವರಿಗೆ ಆಗ ವಯಸ್ಸು ಅರವತ್ತೈದು ದಾಟಿತ್ತು.

ಹುಡುಕಾಟದ ಮುಖ್ಯ ಸಾಧನ ಗೈಗರ್ ಕೌಂಟರ್. ವಿಕಿರಣ ಸೂಸುವ ಕಲ್ಲು ಹತ್ತಿರವಿದ್ದರೆ ಅದರ ಟಿಕ್ ಟಿಕ್ ಸದ್ದು ಬಿರುಸಾಗುತ್ತದೆ. ಭೂವಿಜ್ಞಾನಿಗಳು ಇದನ್ನು ಹಿಡಿದು ಬೆಟ್ಟಗುಡ್ಡ ಅಲೆದರು. ತಾಮ್ರದ ಗಣಿಗಳಿಗೆ ಮೊದಲೇ ಹೆಸರಾಗಿದ್ದ ಬಿಹಾರದ ಸಿಂಗ್‌ಭೂಮ್ ಪ್ರದೇಶದಲ್ಲಿ, ಇಂದು ಜಾರ್ಖಂಡ್‌ಗೆ ಸೇರಿರುವ ಜಾದುಗುಡದಲ್ಲಿ, 1951ರಲ್ಲಿ ದೇಶದ ಮೊದಲ ಮುಖ್ಯ ಯುರೇನಿಯಂ ನಿಕ್ಷೇಪ ಪತ್ತೆಯಾಯಿತು. ಅದಿರು ಸಿರಿವಂತವೇನಲ್ಲ, ಒಂದು ಟನ್ ಕಲ್ಲು ಅರೆದರೆ ಒಂದು ಕಿಲೋಗ್ರಾಂ ಯುರೇನಿಯಂ ಕೂಡ ಸಿಗುವುದಿಲ್ಲ. ಆದರೂ ಅದು ನಮ್ಮದೇ ನೆಲದ್ದು. ಗಣಿಗಾರಿಕೆಗಾಗಿ 1967ರಲ್ಲಿ ಸರ್ಕಾರಿ ಕಂಪೆನಿಯೊಂದು ಸ್ಥಾಪನೆಯಾಯಿತು. ವಾಡಿಯಾ ಅವರ ಘಟಕವೇ ಬೆಳೆದು ಇಂದಿನ ಪರಮಾಣು ಖನಿಜ ನಿರ್ದೇಶನಾಲಯವಾಗಿದೆ. ಮುಂದೆ ಯಾದಗಿರಿ ಜಿಲ್ಲೆಯ ಗೋಗಿಯಲ್ಲೂ ಯುರೇನಿಯಂ ಕಂಡಿತು.

ಗೈಗರ್ ಕೌಂಟರಿನ ಜೊತೆಗೆ ಯುರೇನಿಯಂ ಶೋಧಕರಿಗೆ ಇನ್ನೊಂದು ದಾರಿಯೂ ಇತ್ತು. ಅದು ಬಾವಿಯ ನೀರಿನ ಪರೀಕ್ಷೆ. ಯುರೇನಿಯಂ ಬಂಡೆಯೊಳಗೆ ಸುಮ್ಮನೆ ಕೂರುವ ಲೋಹವಲ್ಲ. ಗಾಳಿಯ ಆಮ್ಲಜನಕ ತಗುಲಿದರೆ ಅದು ನೀರಿನಲ್ಲಿ ಕರಗುವ ರೂಪ ತಾಳುತ್ತದೆ. ಬೈಕಾರ್ಬೊನೇಟ್ ಹೆಚ್ಚಿರುವ ನೀರಿನೊಡನೆ ಬಹುದೂರ ಹರಿಯುತ್ತದೆ. ಆಮ್ಲಜನಕವಿಲ್ಲದ ಜಾಗ ಸಿಕ್ಕಾಗ ಮತ್ತೆ ಗಟ್ಟಿಯಾಗಿ ನಿಲ್ಲುತ್ತದೆ. ಅಮೆರಿಕದ ಕೊಲರಾಡೊ ಪ್ರಸ್ಥಭೂಮಿಯ ಮರಳುಗಲ್ಲಿನಲ್ಲಿರುವ ನಿಕ್ಷೇಪಗಳು ಹೀಗೆ ಅಂತರ್ಜಲ ಹೊತ್ತು ತಂದು ಇಳಿಸಿದ ಸರಕು. ಆದ್ದರಿಂದ ಬಾವಿಯ ನೀರಿನಲ್ಲಿ ಯುರೇನಿಯಂ ಹೆಚ್ಚಿದ್ದರೆ ಆಸುಪಾಸಿನ ಶಿಲೆಯಲ್ಲಿ ಅದಿರು ಇರಬಹುದೆಂದು ಶೋಧಕ ಊಹಿಸುತ್ತಾನೆ. ಅವನಿಗೆ ಅದು ಶುಭಸೂಚನೆ. ಅದೇ ನೀರನ್ನು ಕೊಡದಲ್ಲಿ ಹೊತ್ತೊಯ್ಯುವವರ ದೃಷ್ಟಿಯಿಂದ ನೋಡಿದರೆ?

ನೀರಿನ ಹುಡುಕಾಟದ ಕಥೆ ಬೇರೆಯೇ ದಾರಿಯಲ್ಲಿ ಸಾಗಿತು. ಆಹಾರದ ಕೊರತೆ ಕಾಡುತ್ತಿದ್ದ ಕಾಲ. ಮಳೆಯನ್ನೇ ನಂಬಿದ ಬೇಸಾಯಕ್ಕೆ ನೆಲದಡಿಯ ನೀರನ್ನು ಒದಗಿಸಬೇಕೆಂದು 1954ರಲ್ಲಿ ಕೇಂದ್ರ ಕೃಷಿ ಸಚಿವಾಲಯದ ಅಡಿಯಲ್ಲಿ ಶೋಧಕ ಕೊಳವೆ ಬಾವಿ ಸಂಸ್ಥೆ ಆರಂಭವಾಯಿತು. ಅಮೆರಿಕದ ತಾಂತ್ರಿಕ ನೆರವೂ ದೊರೆಯಿತು. ಅಲ್ಲಿನ ಭೂವೈಜ್ಞಾನಿಕ ಸಂಸ್ಥೆಯ ಜಾರ್ಜ್ ಟೇಲರ್ 1959ರಲ್ಲಿ ಇಡೀ ಭಾರತವನ್ನು ಅಂತರ್ಜಲ ವಲಯಗಳಾಗಿ ವಿಂಗಡಿಸಿ ವಿವರಿಸಿದರು. ಗಂಗಾ ಬಯಲಿನ ಮೆಕ್ಕಲು ಮಣ್ಣು ನೀರು ತುಂಬಿದ ಸ್ಪಂಜಿನಂಥದು. ಕೊಳವೆ ಇಳಿಸಿದರೆ ನೀರು. ದಕ್ಷಿಣದ ಗ್ರಾನೈಟ್ ಮತ್ತು ಅದರ ಬಳಗದ ಶಿಲೆಗಳಲ್ಲಿ ಹಾಗಲ್ಲ. ಇಲ್ಲಿ ನೀರಿರುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ.

1894ರಿಂದಲೇ ತನ್ನದೇ ಭೂವಿಜ್ಞಾನ ಇಲಾಖೆ ಹೊಂದಿದ್ದ ಮೈಸೂರು ಚಿನ್ನ, ಕಬ್ಬಿಣಗಳ ಜೊತೆಗೆ ಈ ನೀರಿನ ಕಡೆಗೂ ಗಮನ ಕೊಟ್ಟಿತು. ಇಲಾಖೆಯ ನಿರ್ದೇಶಕರಾಗಿದ್ದ ಬಿ.ಪಿ. ರಾಧಾಕೃಷ್ಣ ಅವರು ಗಟ್ಟಿಶಿಲೆಯ ನಾಡಿನಲ್ಲಿ ನೀರನ್ನು ಅರಸುವ ಮತ್ತು ಉಳಿಸುವ ಬಗೆಯನ್ನು ಸಾಮಾನ್ಯ ಓದುಗರಿಗೂ ತಿಳಿಯುವಂತೆ ‘ಅಂತರ್ಜಲ’ ಎಂಬ ಪುಸ್ತಕದಲ್ಲಿ ಕನ್ನಡದಲ್ಲೇ ಬರೆದರು. ಕೇಂದ್ರದಲ್ಲಿ ಶೋಧಕ ಕೊಳವೆ ಬಾವಿ ಸಂಸ್ಥೆ 1970ರಲ್ಲಿ ಕೇಂದ್ರ ಅಂತರ್ಜಲ ಮಂಡಳಿಯಾಯಿತು. 1972ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣದ ಅಂತರ್ಜಲ ವಿಭಾಗವೂ ಅದರೊಳಗೆ ಸೇರಿತು.

ಚಿತ್ರವನ್ನು ಪೂರ್ತಿ ಬದಲಿಸಿದ್ದು ಯಂತ್ರ. 1966–67ರ ಬಿಹಾರ ಬರದ ವೇಳೆ ಯುನಿಸೆಫ್ ತರಿಸಿಕೊಟ್ಟ ಗಾಳಿಯೊತ್ತಡದ ಕೊರೆಯುವ ಯಂತ್ರಗಳು ಗಟ್ಟಿಬಂಡೆಯನ್ನು ದಿನಗಟ್ಟಲೆ ಕುಟ್ಟುವ ಕಷ್ಟವನ್ನು ತಪ್ಪಿಸಿದವು. ಹಳ್ಳಿಹಳ್ಳಿಗೆ ‘ಬೋರಿಂಗ್’ ಬಂತು. ಕೆರೆ, ತೆರೆದ ಬಾವಿಗಳ ನೀರಿನಿಂದ ಬರುತ್ತಿದ್ದ ಕಾಲರಾದಂಥ ಕಾಯಿಲೆಗಳ ಭಯ ತಗ್ಗಿತು. ಆಳದ ನೀರು ಶುದ್ಧ ಎಂಬ ನಂಬಿಕೆ ಬೇರೂರಿತು. ಪಂಪ್‌ಸೆಟ್ಟುಗಳು ಹೆಚ್ಚಿದಂತೆ ನೀರು ಕೆಳಕ್ಕಿಳಿಯಿತು, ಕೊಳವೆ ಅದನ್ನು ಹಿಂಬಾಲಿಸಿತು. ಬಯಲುಸೀಮೆಯ ಪೂರ್ವ ಭಾಗದಲ್ಲಿ ಸಾವಿರ ಅಡಿ ಕೊರೆಯುವುದು ಸಾಮಾನ್ಯವಾಯಿತು.

ಗ್ರಾನೈಟಿನಲ್ಲಿ ಸಹಜವಾಗಿಯೇ ಅತ್ಯಲ್ಪ ಯುರೇನಿಯಂ ಇರುತ್ತದೆ. ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ನೀರಿನ ಮಟ್ಟ ಕುಸಿದಾಗ ಒಳನುಗ್ಗುವ ಗಾಳಿ ಆ ಕೆಲಸಕ್ಕೆ ನೆರವಾಗುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 30 ಮೈಕ್ರೊಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇಲ್ಲಿ ವಿಕಿರಣಕ್ಕಿಂತ ರಾಸಾಯನಿಕ ವಿಷದ ಭಯವೇ ಹೆಚ್ಚು. ಮೊದಲ ಪೆಟ್ಟು ಮೂತ್ರಪಿಂಡಕ್ಕೆ. 2018ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ಭಾರತದ 16 ರಾಜ್ಯಗಳ ಅಂತರ್ಜಲದಲ್ಲಿ ಈ ತೊಂದರೆ ಇರುವುದನ್ನು ಎತ್ತಿ ತೋರಿಸಿತು. 2020ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಪೂರ್ವ ಕರ್ನಾಟಕದ 73 ಹಳ್ಳಿಗಳ ನೀರನ್ನು ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಹಳ್ಳಿಗಳಲ್ಲಿ ಆ ಮಿತಿ ಮೀರಿತ್ತು.

ಹಾಗೆಂದು ಈ ಹಳ್ಳಿಗಳ ಕೆಳಗೆಲ್ಲ ಗಣಿ ತೋಡುವಷ್ಟು ಅದಿರಿದೆ ಎಂದಲ್ಲ. ಐವತ್ತರ ದಶಕದ ಸಮೀಕ್ಷಕರನ್ನು ದೂರುವುದೂ ನ್ಯಾಯವಲ್ಲ. ಅವರವರಿಗೆ ಒಪ್ಪಿಸಿದ ಕೆಲಸವನ್ನು ಅವರವರು ಶ್ರದ್ಧೆಯಿಂದ ಮಾಡಿದರು. ಕೊರತೆ ಇದ್ದದ್ದು ಕೆಲಸ ಹಂಚಿದ ರೀತಿಯಲ್ಲಿ. ಅಣುಖನಿಜದ ವಿವರಗಳು ಗೋಪ್ಯದ ಕಪಾಟಿಗೆ ಸೇರಿದವು. ನೀರಿನವರು ಎಷ್ಟು ಗ್ಯಾಲನ್ ಬರುತ್ತದೆಂದು ಅಳೆದರು. ಅದರಲ್ಲಿ ಏನೇನು ಕರಗಿದೆ ಎಂಬ ಪಟ್ಟಿಯಲ್ಲಿ ಯುರೇನಿಯಂಗೆ ಬಹುಕಾಲ ಜಾಗವಿರಲಿಲ್ಲ.

ಈ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ದೋಷ ಹೋಗದು. ಊರಿನ ಕೊಳವೆ ಬಾವಿಗಳನ್ನು ಒಂದೊಂದಾಗಿ ಪರೀಕ್ಷಿಸುವುದು, ಕೆಟ್ಟದ್ದಿದ್ದಲ್ಲಿ ಬೇರೆ ನೀರು ಅಥವಾ ತಕ್ಕ ಶುದ್ಧೀಕರಣ ಒದಗಿಸುವುದು, ಕೆರೆಗಳಿಗೆ ಮತ್ತೆ ಜೀವ ಕೊಡುವುದು ಇಂದಿನ ಸಮೀಕ್ಷೆಗಳ ಹೊಣೆ. ನೀರಿನ ರುಚಿ ನೋಡಿ ಕಲ್ಲಿನ ಗುಣ ಹೇಳುವ ವಿದ್ಯೆ ನಮ್ಮಲ್ಲಿ ಎಪ್ಪತ್ತು ವರ್ಷ ಹಳೆಯದು. ಅದನ್ನು ಈಗ ಗಣಿಗಾಗಿ ಅಲ್ಲ, ಕುಡಿಯುವವರಿಗಾಗಿ ಬಳಸಬೇಕಾಗಿದೆ.