ಜೋಳದ ಋಣ, ಕುದುರೆಯ ಮೇವು: ಕೃಷ್ಣಾತೀರದ ಬರ ಮತ್ತು ಯುದ್ಧಗಳು

ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತೊಂದಿದೆ. ಒಡೆಯನ ಜೋಳವನ್ನು ಉಂಡವನು ಕಾಳಗದ ಹೊತ್ತಿನಲ್ಲಿ ಪ್ರಾಣವನ್ನಾದರೂ ತೆತ್ತು ಆ ಋಣವನ್ನು ತೀರಿಸಬೇಕು ಎಂಬುದು ಅದರ ತಾತ್ಪರ್ಯ. ಕಾವ್ಯಗಳಲ್ಲಿಯೂ ಶಾಸನಗಳಲ್ಲಿಯೂ ಕಂಡುಬರುವ ಈ ಪರಿಕಲ್ಪನೆಯನ್ನು ಸಾಹಿತ್ಯದ ಚರಿತ್ರಕಾರರು ಸ್ವಾಮಿಭಕ್ತಿಯ ಆದರ್ಶವೆಂದು ವಿವರಿಸುತ್ತ ಬಂದಿದ್ದಾರೆ. ಅದು ತಪ್ಪಲ್ಲ. ಆದರೆ ಪದವು ನೇರವಾಗಿ ಹೆಸರಿಸುವುದು ಭಕ್ತಿಯನ್ನಲ್ಲ, ಜೋಳವನ್ನು. ಹೊಲವಿಲ್ಲದವನಿಗೂ, ಹೊಲವಿದ್ದು ಮಳೆಯಿಲ್ಲದವನಿಗೂ ಒಡೆಯನ ಕಣಜವೇ ಗತಿಯಾಗಿದ್ದ ಕಾಲದಲ್ಲಿ ಹುಟ್ಟಿದ ಪದವಿದು. ತುರುಗೋಳಿನಲ್ಲಿ ಮಡಿದವರ ವೀರಗಲ್ಲುಗಳೂ ಇದೇ ಸಂಗತಿಯನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತವೆ. ಅಲ್ಲಿ ಕಾಳಗ ನಡೆದದ್ದು ರಾಜ್ಯಕ್ಕಾಗಿ ಅಲ್ಲ, ಊರಿನ ದನಗಳಿಗಾಗಿ.

ಆದರೂ ನಮ್ಮ ಇತಿಹಾಸ ಗ್ರಂಥಗಳಲ್ಲಿ ಯುದ್ಧಕ್ಕೆ ಒಂದು ಅಧ್ಯಾಯ, ಬರಗಾಲಕ್ಕೆ ಮತ್ತೊಂದು. ಯುದ್ಧವು ರಾಜಕೀಯ ಚರಿತ್ರೆಗೆ ಸೇರುತ್ತದೆ, ಬರವು ನೈಸರ್ಗಿಕ ವಿಪತ್ತುಗಳ ಪಟ್ಟಿಗೆ ಸೇರುತ್ತದೆ. ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳ ಮಟ್ಟಿಗಾದರೂ ಈ ವಿಭಜನೆ ನಿಲ್ಲುವುದಿಲ್ಲ. ಇಲ್ಲಿ ಬಡತನವು ಸೈನ್ಯಕ್ಕೆ ಆಳುಗಳನ್ನು ಒದಗಿಸಿತು. ಆ ಸೈನ್ಯವನ್ನು ಸಾಕುವ ವೆಚ್ಚವು ಮತ್ತೆ ಬಡತನವನ್ನು ಬೆಳೆಸಿತು.

ಈ ಸೀಮೆಯ ಭೂಗೋಳವನ್ನು ಮೊದಲು ಗಮನಿಸಬೇಕು. ಅಥಣಿ, ಕಾಗವಾಡ, ರಾಯಬಾಗಗಳ ನೆಲವನ್ನು ಕೃಷ್ಣೆ ಹಾಯ್ದು ಹೋಗುತ್ತದೆ. ನಿಪ್ಪಾಣಿ, ಚಿಕ್ಕೋಡಿಗಳ ಕಡೆ ವೇದಗಂಗಾ, ದೂಧಗಂಗಾ ನದಿಗಳಿವೆ. ಪಶ್ಚಿಮಕ್ಕೆ ಸಹ್ಯಾದ್ರಿಯ ಮಳೆ ತಕ್ಕಮಟ್ಟಿಗೆ ತಲುಪುತ್ತದೆ, ಪೂರ್ವಕ್ಕೆ ಸರಿದಂತೆ ಅದು ಕಡಿಮೆಯಾಗುತ್ತದೆ. ಅಥಣಿಯ ಕಪ್ಪು ನೆಲದಲ್ಲಿ ಜೋಳ ಬೆಳೆಯುವವನು ಆಕಾಶ ನೋಡುತ್ತ ಕುಳಿತುಕೊಳ್ಳಬೇಕಾದವನು. ಆದರೆ ವಿಜಾಪುರದಿಂದ ಗೋವೆಗೂ ಕೊಂಕಣದ ಬಂದರುಗಳಿಗೂ ಸಾಗುವ ವ್ಯಾಪಾರಮಾರ್ಗ ಈ ಸೀಮೆಯನ್ನೇ ಹಾಯ್ದು ಹೋಗುತ್ತಿತ್ತು. ರಟ್ಟರ ಕಾಲದಿಂದಲೂ ಜೈನ ವರ್ತಕರ ಮತ್ತು ಬಸದಿಗಳ ನೆಲೆಯಾಗಿದ್ದ ರಾಯಬಾಗವು ಆದಿಲಶಾಹಿಯ ಕಾಲದಲ್ಲಿ ದೊಡ್ಡ ಪೇಟೆಯಾಗಿತ್ತು, ಅಥಣಿಯೂ ಹಾಗೆಯೇ. ಸಂಪತ್ತು ಪೇಟೆಯಲ್ಲಿ, ಹಸಿವು ಸುತ್ತಲಿನ ಹಳ್ಳಿಗಳಲ್ಲಿ. ಎತ್ತಿನ ಹೇರುಗಳು ನಡೆದ ದಾರಿಯಲ್ಲಿಯೇ ದಂಡುಗಳೂ ನಡೆದವು.

1630ರಿಂದ 1632ರವರೆಗೆ ದಖ್ಖನ್ ಮತ್ತು ಗುಜರಾತಗಳನ್ನು ಭೀಕರ ಕ್ಷಾಮ ಆವರಿಸಿತ್ತು. ಆ ಕ್ಷಾಮದ ನಡುವೆಯೇ ಷಹಜಹಾನನು ದಖ್ಖನಿನ ಮೇಲೆ ಯುದ್ಧ ನಡೆಸುತ್ತಿದ್ದನು. ಅವನ ಸೇನಾನಿ ಆಸಫ್ ಖಾನನು ವಿಜಾಪುರಕ್ಕೆ ಮುತ್ತಿಗೆ ಹಾಕಿದಾಗ ಆದಿಲಶಾಹಿಗಳು ಸುತ್ತಲಿನ ನಾಡನ್ನು ತಾವೇ ಬರಿದು ಮಾಡಿಟ್ಟಿದ್ದರು. ಮೊಗಲ್ ಶಿಬಿರದಲ್ಲಿ ಒಂದು ಸೇರು ಧಾನ್ಯಕ್ಕೆ ಒಂದು ರೂಪಾಯಿ ಬೆಲೆಯಾಯಿತೆಂದು ಷಹಜಹಾನನ ಆಸ್ಥಾನ ಚರಿತ್ರಕಾರ ಅಬ್ದುಲ್ ಹಮೀದ್ ಲಾಹೋರಿ ದಾಖಲಿಸಿದ್ದಾನೆ. ಸುಮಾರು 20 ದಿನಗಳಲ್ಲಿ ಮುತ್ತಿಗೆ ತೆಗೆಯಬೇಕಾಯಿತು. ಹಸಿದ ಆ ಸೈನ್ಯ ನೇರವಾಗಿ ಉತ್ತರಕ್ಕೆ ಮರಳಲಿಲ್ಲ. ನಾಡಿನ ಅತಿ ಶ್ರೀಮಂತ ಊರುಗಳೆಂದು ಹೆಸರಾಗಿದ್ದ ರಾಯಬಾಗ ಮತ್ತು ಮಿರಜಗಳ ಕಡೆಗೆ ಕೃಷ್ಣೆಯ ದಡ ಹಿಡಿದು ನಡೆಯಿತು. ದಾರಿಯುದ್ದಕ್ಕೂ ಲೂಟಿಯಾಯಿತು, ಜನ ಸೆರೆಯಾದರು. 1636ರಲ್ಲಿ ಖಾನ್ ಜಮಾನನ ದಂಡು ಕೊಲ್ಹಾಪುರ, ಮಿರಜಗಳ ಮೇಲೆ ಬಂದಾಗ ರಾಯಬಾಗ ಮತ್ತೊಮ್ಮೆ ಲೂಟಿಗೊಳಗಾಯಿತು.

ಈ ನಡೆಯನ್ನು ಕೇವಲ ಕ್ರೌರ್ಯವೆಂದು ಬಣ್ಣಿಸಿದರೆ ಅರ್ಧ ಮಾತ್ರ ಹೇಳಿದಂತೆ. ಅದೇ ಕಾಲಕ್ಕೆ ಜರ್ಮನಿಯಲ್ಲಿ 30 ವರ್ಷಗಳ ಯುದ್ಧ ನಡೆದಿತ್ತು. ವಾಲೆನ್‌ಸ್ಟೈನನಂಥ ಸೇನಾನಿಗಳು, ತಾವು ನಿಂತ ನೆಲವೇ ತಮ್ಮ ಸೈನ್ಯವನ್ನು ಸಾಕಬೇಕೆಂಬ ಪದ್ಧತಿಯನ್ನು ಬೆಳೆಸಿದ್ದರು. ಮಾಗ್ಡೆಬರ್ಗ್ ನಗರ ಸುಟ್ಟುಹೋದದ್ದು 1631ರಲ್ಲಿ. ಸಂಬಳ ಕೊಡಲಾಗದ ಅರಸ, ಉಣ್ಣಲು ಇಲ್ಲದ ಸೈನಿಕ, ಹತ್ತಿರದಲ್ಲೊಂದು ಶ್ರೀಮಂತ ಪೇಟೆ: ಎಲ್ಬೆಯ ದಡದಲ್ಲಿಯೂ ಕೃಷ್ಣೆಯ ದಡದಲ್ಲಿಯೂ ಈ ಮೂರು ಕೂಡಿದಲ್ಲಿ ಆದದ್ದು ಒಂದೇ.

ಅಥಣಿಯ ಸರದಿ 1679ರಲ್ಲಿ ಬಂದಿತು. ಮೊಗಲ್ ಸೇನಾನಿ ದಿಲೇರ್ ಖಾನನು ವಿಜಾಪುರ ಸೀಮೆಯ ಊರುಗಳನ್ನು ಕೊಳ್ಳೆ ಹೊಡೆಯುತ್ತ ಬಂದು ಅಥಣಿಯ ಪೇಟೆಯನ್ನು ಸುಟ್ಟನು. ಊರಿನ ಜನರನ್ನು ಗುಲಾಮರನ್ನಾಗಿ ಮಾರುವ ವಿಚಾರವನ್ನು ಅವನು ಮುಂದಿಟ್ಟಾಗ, ಆಗ ಅವನ ಪಾಳೆಯದಲ್ಲಿದ್ದ ಶಿವಾಜಿಯ ಮಗ ಸಂಭಾಜಿ ಅದನ್ನು ವಿರೋಧಿಸಿದನು. ಮಾತು ನಡೆಯಲಿಲ್ಲ. ಸಂಭಾಜಿ ಕೆಲವೇ ದಿನಗಳಲ್ಲಿ ಮೊಗಲ್ ಪಾಳೆಯವನ್ನು ಬಿಟ್ಟು ವಿಜಾಪುರದ ಮೂಲಕ ಪನ್ಹಾಳಕ್ಕೆ ಹೋದನು. ಇತಿಹಾಸಕಾರರು ಈ ಪ್ರಸಂಗವನ್ನು ತಂದೆ ಮಕ್ಕಳ ಪುನರ್ಮಿಲನದ ಪೀಠಿಕೆಯಾಗಿ ಓದುತ್ತಾರೆ. ಮನುಷ್ಯರನ್ನೇ ಸರಕನ್ನಾಗಿ ಎಣಿಸುವ ಮಟ್ಟಕ್ಕೆ ಯುದ್ಧದ ಲೆಕ್ಕಾಚಾರ ಮುಟ್ಟಿತ್ತೆಂಬ ಸಂಗತಿಗೆ ಅಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು.

18ನೆಯ ಶತಮಾನದಲ್ಲಿ ಲೂಟಿಗೆ ವ್ಯವಸ್ಥೆಯ ರೂಪ ಬಂದಿತು. 1731ರ ವಾರಣಾ ಒಪ್ಪಂದದಲ್ಲಿ ಮಿರಜ, ತಾಸಗಾಂವಗಳ ಜೊತೆಗೆ ಅಥಣಿಯೂ ಕೊಲ್ಹಾಪುರದಿಂದ ಸಾತಾರೆಯ ಶಾಹೂವಿಗೆ ಸಂದಿತು. ಪೇಶವೆಗಳ ಕಾಲಕ್ಕೆ ಈ ಸೀಮೆಯಲ್ಲಿ ಸರಂಜಾಮು ಪದ್ಧತಿ ಬಲಗೊಂಡಿತು. ಇಂತಿಷ್ಟು ಕುದುರೆ ಸವಾರರನ್ನು ಸಿದ್ಧವಾಗಿಡಬೇಕೆಂಬ ಕರಾರಿನ ಮೇಲೆ ಸರದಾರನಿಗೆ ಹಳ್ಳಿಗಳ ಕಂದಾಯವನ್ನು ಬಿಟ್ಟುಕೊಡುವುದು ಸರಂಜಾಮು. ಸ್ವಂತ ಕುದುರೆಯಿದ್ದವನು ಶಿಲೇದಾರ, ಸರದಾರನ ಕುದುರೆ ಹತ್ತಿದವನು ಬಾರಗೀರ. ಇವೆರಡು ಪದಗಳ ನಡುವಣ ಅಂತರ ಆಸ್ತಿಯ ಅಂತರವೇ. ಶಿಲೇದಾರನಿಗೆ ಕುದುರೆ ಸತ್ತರೆ ಬಂಡವಾಳವೇ ಹೋದಂತೆ. ಆದ್ದರಿಂದ ಅವನು ಅಪಾಯದ ಕಾಳಗಕ್ಕಿಂತ ಲಾಭದ ದಾಳಿಯನ್ನು ಬಯಸುತ್ತಿದ್ದನು. ಬಾರಗೀರನಿಗೆ ಕಳೆದುಕೊಳ್ಳಲು ಅದೂ ಇರಲಿಲ್ಲ. ದಂಡು ಹಾಯ್ದುಹೋದ ಹಳ್ಳಿಗಳಿಂದ ‘ಘಾಸದಾಣಾ’ ಎಂಬ ಹೆಸರಿನಲ್ಲಿ ವಸೂಲಿಯಾಗುತ್ತಿತ್ತು. ಘಾಸವೆಂದರೆ ಹುಲ್ಲು, ದಾಣಾ ಎಂದರೆ ಕಾಳು. ಕುದುರೆಯ ಮೇವು ಒಂದು ತೆರಿಗೆಯೇ ಆಗಿತ್ತು.

ಈ ಭಾರ ಎಲ್ಲೆಡೆ ಒಂದೇ ಸಮನಾಗಿರಲಿಲ್ಲ. ಪಟವರ್ಧನರ ಹಳ್ಳಿಗಳು ನೆರೆಯ ಸೀಮೆಗಳಿಗಿಂತ ಸುಸ್ಥಿತಿಯಲ್ಲಿದ್ದವೆಂದು ಇಂಗ್ಲಿಷ್ ಅಧಿಕಾರಿಗಳೇ ಒಪ್ಪಿದ್ದಾರೆ. ವಂಶಪಾರಂಪರ್ಯವಾಗಿ ಉಳಿಯುವ ಜಹಗೀರಿನ ರೈತನನ್ನು ಪೂರ್ತಿ ಹಿಂಡಿದರೆ ನಾಳೆ ತಮಗೇ ನಷ್ಟವೆಂಬುದು ಅವರಿಗೆ ತಿಳಿದಿತ್ತು. ಎರಡನೆಯ ಬಾಜೀರಾಯನ ಕಾಲದ ಇಜಾರೆಯಲ್ಲಿ ಈ ಎಚ್ಚರಕ್ಕೆ ಎಡೆಯಿರಲಿಲ್ಲ. ಮಾಮಲೇದಾರಿಕೆ ಹರಾಜಾಗುತ್ತಿತ್ತು; ಹೆಚ್ಚು ಕೂಗಿದವನಿಗೆ ಅಧಿಕಾರ, ಅದೂ ಅಲ್ಪಾವಧಿಗೆ. ಅವನು ಅದನ್ನು ಕೆಳಗಿನವರಿಗೆ ಮರುಗುತ್ತಿಗೆ ಕೊಡುತ್ತಿದ್ದನು. ಕೊನೆಗೆ ಭಾರವೆಲ್ಲ ಬೀಳುತ್ತಿದ್ದುದು ಉಳುವವನ ಮೇಲೆ. ಎಲ್ಫಿನ್‌ಸ್ಟನ್ 1819ರ ತನ್ನ ವರದಿಯಲ್ಲಿ ಈ ಕ್ರಮವನ್ನು ವಿವರವಾಗಿ ವರ್ಣಿಸಿದ್ದಾನೆ. ಗೆದ್ದವನು ಸೋತವನ ಆಡಳಿತದ ಬಗೆಗೆ ಬರೆದ ವರದಿಯೆಂಬುದನ್ನು ಮರೆಯಬಾರದು. ಆದರೂ ಇಜಾರೆಯ ಮಟ್ಟಿಗೆ ಅವನ ಮಾತನ್ನು ತಳ್ಳಿಹಾಕುವುದು ಕಷ್ಟ.

1790ರ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ವಿರುದ್ಧದ ಯುದ್ಧದ ಅಂಗವಾಗಿ ಪರಶುರಾಮಭಾವು ಪಟವರ್ಧನನು ಧಾರವಾಡಕ್ಕೆ ಮುತ್ತಿಗೆ ಹಾಕಿದನು. ಕೋಟೆ ಬಿದ್ದದ್ದು 1791ರ ಏಪ್ರಿಲಿನಲ್ಲಿ. ಏಳು ತಿಂಗಳು ಒಂದೇ ಕಡೆ ನಿಂತ ದಂಡಿಗೆ, ಅದರ ಕುದುರೆ ಎತ್ತುಗಳಿಗೆ, ಬೆನ್ನ ಹಿಂದಿನ ಬಜಾರಿಗೆ ಬೇಕಾದ ಕಾಳು ಮೇವುಗಳನ್ನು ಉತ್ತರ ಕರ್ನಾಟಕದ ನೆಲವೇ ಒದಗಿಸಬೇಕಾಯಿತು. ಅದೇ ಹೊತ್ತಿಗೆ ಮಳೆ ಕೈಕೊಟ್ಟಿತು. ‘ದೋಜಿ ಬರ’, ಅಂದರೆ ತಲೆಬುರುಡೆಯ ಬರ ಎಂದು ಜನರ ನೆನಪಿನಲ್ಲಿ ಉಳಿದದ್ದು ಆ ಕ್ಷಾಮ. ಸತ್ತವರನ್ನು ಮಣ್ಣು ಮಾಡುವವರಿಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂಬುದು ಆ ಹೆಸರಿನ ಹಿಂದಿನ ಕಥೆ. ಮಳೆಯೊಂದೇ ಇದಕ್ಕೆ ಕಾರಣವೆನ್ನುವಂತಿಲ್ಲ. ಒಂದು ವರ್ಷದ ಮಳೆ ತಪ್ಪಿದರೆ ತಾಳಿಕೊಳ್ಳಲೆಂದೇ ರೈತರು ಹಗೇವುಗಳಲ್ಲಿ ಜೋಳ ತುಂಬಿಡುತ್ತಿದ್ದರು. ಹಗೇವು ಬರಿದಾಗಿದ್ದರೆ ಮಾತ್ರ ಮಳೆಯ ಅಭಾವ ಕ್ಷಾಮವಾಗುತ್ತದೆ. ಧಾನ್ಯ ಸಾಗಿಸುವ ಲಮಾಣಿಗಳ ಎತ್ತುಗಳಿಗೂ ಯುದ್ಧಕಾಲದಲ್ಲಿ ದಂಡಿನ ಪಾಳೆಯವೇ ಉತ್ತಮ ಸಂತೆ. ಬೆಲೆ ಕೊಡಬಲ್ಲವನ ಕಡೆಗೆ ಕಾಳು ಹರಿಯಿತು; ಕೊಡಲಾರದವನ ಊರಿಗೆ ಹೇರು ಬರಲಿಲ್ಲ.

ಪರಶುರಾಮಭಾವು ಸತ್ತದ್ದು ಈ ಸೀಮೆಯಲ್ಲಿಯೇ. 1799ರ ಸೆಪ್ಟೆಂಬರಿನಲ್ಲಿ ಚಿಕ್ಕೋಡಿ ಭಾಗದ ಪಟ್ಟಣಕುಡಿಯಲ್ಲಿ ಕೊಲ್ಹಾಪುರದ ಸೈನ್ಯದೊಡನೆ ನಡೆದ ಕಾಳಗದಲ್ಲಿ ಅವನು ಹತನಾದನು. ಅದೇ ವರ್ಷ ಶ್ರೀರಂಗಪಟ್ಟಣ ಬಿದ್ದು ಟಿಪ್ಪುವಿನ ಸೈನ್ಯ ಚದುರಿತ್ತು. ಕೆಲಸವಿಲ್ಲದ ಆ ಸವಾರರನ್ನು ಕೂಡಿಸಿಕೊಂಡು ಧೋಂಡಿಯಾ ವಾಘನು ಮಲಪ್ರಭೆಯವರೆಗೂ ದಾಳಿ ಮಾಡಿದನು. ಆರ್ಥರ್ ವೆಲ್ಲೆಸ್ಲಿಯು 1800ರ ಜುಲೈನಲ್ಲಿ ಮನೋಳಿಯ ಬಳಿ ಅವನ ಪಾಳೆಯವನ್ನು ಮುರಿದು, ಸೆಪ್ಟೆಂಬರಿನಲ್ಲಿ ಅವನನ್ನು ಕೊಂದನು. ಧೋಂಡಿಯಾನನ್ನು ಕೆಲವರು ಸ್ವಾತಂತ್ರ್ಯವೀರನೆನ್ನುತ್ತಾರೆ, ಕೆಲವರು ದರೋಡೆಗಾರನೆನ್ನುತ್ತಾರೆ. ಅವನ ಹಿಂದೆ ಹೋದ ಸಾವಿರಾರು ಸವಾರರಿಗೆ ಬೇರೆ ಯಾವ ಉದ್ಯೋಗವಿತ್ತು ಎಂಬ ಪ್ರಶ್ನೆ ಈ ಎರಡೂ ಹಣೆಪಟ್ಟಿಗಳಿಗಿಂತ ಹೆಚ್ಚು ಉಪಯುಕ್ತ.

1802ರ ಅಕ್ಟೋಬರಿನಲ್ಲಿ ಯಶವಂತರಾವ ಹೋಳಕರನು ಪುಣೆಯನ್ನು ಗೆದ್ದನು. ಅವನ ದಂಡೂ ಪೆಂಢಾರಿಗಳೂ ದಖ್ಖನನ್ನು ಹಾಳುಗೆಡವಿದ ಮೇಲೆ 1803-04ರಲ್ಲಿ ಮತ್ತೊಂದು ಕ್ಷಾಮ ಬಂದಿತು. ನಿಪ್ಪಾಣಿಯ ದೇಸಾಯಿ ಸಿದ್ದೋಜಿರಾವ ಏಳಿಗೆಗೆ ಬಂದದ್ದು ಇದೇ ಹೊತ್ತಿನಲ್ಲಿ. ಇಂಗ್ಲಿಷ್ ಕಾಗದಪತ್ರಗಳಲ್ಲಿ ‘ಅಪ್ಪಾ ದೇಸಾಯಿ’ ಎಂದು ಕಾಣಿಸಿಕೊಳ್ಳುವ ಈತನು 1803ರಲ್ಲಿ ಬಾಪು ಗೋಖಲೆಯೊಡನೆ ತನ್ನ ಸವಾರರನ್ನು ಕಟ್ಟಿಕೊಂಡು ವೆಲ್ಲೆಸ್ಲಿಯ ದಂಡಿನ ಜೊತೆಗಿದ್ದನು. ಅಹಮದನಗರದಲ್ಲಿ ಹಸಿದವರಿಗೆ ಕೆಲಸ ಕೊಟ್ಟು ಅನ್ನ ಒದಗಿಸುವ ಏರ್ಪಾಡನ್ನು ವೆಲ್ಲೆಸ್ಲಿಯು ಮಾಡಿದ್ದು ನಿಜ. ಆ ಹಸಿವಿನಲ್ಲಿ ಅವನು ನಡೆಸಿದ ಯುದ್ಧದ ಪಾಲೂ ಇತ್ತೆಂಬುದು ಅಷ್ಟೇ ನಿಜ. ಎಲ್ಲರೂ ಬಡವಾದ ಕಾಲದಲ್ಲಿ ಸವಾರರಿದ್ದವನು ಮಾತ್ರ ಬಲಿಷ್ಠನಾಗುತ್ತಾನೆ, ಏಕೆಂದರೆ ಹಸಿದವರು ಅಗ್ಗವಾಗಿ ದೊರೆಯುತ್ತಾರೆ. ನಿಪ್ಪಾಣಿಯ ಏಳಿಗೆಯನ್ನು ದೇಸಾಯಿಯ ಪರಾಕ್ರಮದಿಂದಷ್ಟೇ ವಿವರಿಸುವ ಸ್ಥಳೀಯ ಚರಿತ್ರೆಗಳು ಈ ಅಂಶವನ್ನು ಬಿಟ್ಟುಬಿಡುತ್ತವೆ.

ಚಿಕ್ಕೋಡಿಯ ಕಥೆ ಇನ್ನೂ ವಿಚಿತ್ರ. ಚಿಕ್ಕೋಡಿ ಮತ್ತು ಮನೋಳಿ ತಾಲೂಕುಗಳಿಗಾಗಿ ಕೊಲ್ಹಾಪುರ ಮತ್ತು ಪೇಶವೆಯ ಪಕ್ಷಗಳು ದಶಕಗಳ ಕಾಲ ಕಾದಾಡಿದವು. 1812ರ ಒಪ್ಪಂದದಲ್ಲಿ ಕೊಲ್ಹಾಪುರವು ಅವುಗಳ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿತು. ಬಾಜೀರಾಯನ ವಿರುದ್ಧ ಕಂಪನಿಗೆ ನೆರವಾದುದಕ್ಕೆ ಬಹುಮಾನವಾಗಿ 1818ರ ಹೊತ್ತಿಗೆ ಅವು ಮತ್ತೆ ಕೊಲ್ಹಾಪುರಕ್ಕೆ ಬಂದವು. 1827ರಲ್ಲಿ ದಂಡನೆಯಾಗಿ ಕಂಪನಿ ಅವನ್ನು ಹಿಂದಕ್ಕೆ ಪಡೆಯಿತು. ಪ್ರತಿ ಸಲ ಒಡೆಯ ಬದಲಾದಾಗಲೂ ಹೊಸಬನು ತನ್ನ ಯುದ್ಧದ ಖರ್ಚನ್ನು ಅದೇ ಹೊಲಗಳಿಂದ ವಸೂಲು ಮಾಡಬೇಕಾಗಿತ್ತು.

ಯುದ್ಧ ನಿಂತಾಗ ಇನ್ನೊಂದು ಬಗೆಯ ಬಡತನ ಆರಂಭವಾಯಿತು. 1839ರಲ್ಲಿ ಸಿದ್ದೋಜಿರಾವನ ಮರಣಾನಂತರ ನಿಪ್ಪಾಣಿಯ ಜಹಗೀರು ಕಂಪನಿಯ ವಶವಾಯಿತು. ಎರಡೇ ವರ್ಷಗಳಲ್ಲಿ, 1841ರಲ್ಲಿ, ಅರಬ ಸಿಪಾಯಿಗಳು ನಿಪ್ಪಾಣಿಯ ಕೋಟೆಯನ್ನು ಹಿಡಿದರು. ಕಂಪನಿಯ ದಂಡು ಅವರನ್ನು ಅಡಗಿಸಿತು; ಕೋಟೆಯನ್ನು ಕೆಡವಲಾಯಿತು. 1844ರಲ್ಲಿ ನೆರೆಯ ಕೊಲ್ಹಾಪುರ ಸಂಸ್ಥಾನದ ಸಾಮಾನಗಡ ಮತ್ತು ಭೂದರಗಡಗಳ ಗಡಕರಿಗಳು ಕೋಟೆಯ ಬಾಗಿಲು ಮುಚ್ಚಿ ದಂಗೆಯೆದ್ದರು. ಅವರ ದಂಗೆಗೆ ಕಾರಣ ಸ್ಪಷ್ಟವಾಗಿತ್ತು: ತಲೆಮಾರುಗಳಿಂದ ಕೋಟೆ ಕಾಯ್ದುದಕ್ಕೆ ಉಂಬಳಿಯಾಗಿ ಬಂದ ಭೂಮಿಯ ವ್ಯವಹಾರವನ್ನು ಹೊಸ ಆಡಳಿತವು ಕೋಟೆಯಿಂದ ತೆಗೆದು ಮಾಮಲೇದಾರನ ಕಚೇರಿಗೆ ಒಪ್ಪಿಸಿತ್ತು. ಜೋಳವಾಳಿಯ ಕರಾರನ್ನು ಇಲ್ಲಿ ಮುರಿದವನು ಆಳಲ್ಲ, ಒಡೆಯ. ಅಕ್ಟೋಬರಿನಲ್ಲಿ ಸಾಮಾನಗಡ ಬಿದ್ದಿತು. ದಂಗೆ ಅಡಗಿದ ಮೇಲೆ ಸಂಸ್ಥಾನದ ಕೋಟೆಗಳನ್ನು ಕೆಡವಿ, ಹಳೆಯ ಸೈನ್ಯವನ್ನು ವಿಸರ್ಜಿಸಲಾಯಿತು. ಕೋಟೆಯ ಕೆಲಸ ಬಿಟ್ಟು ಬೇರೆ ಅರಿಯದವರು ಹೊಲಗಳಿಗೆ ಹಿಂದಿರುಗಿದರು. ಕಂಪನಿಯ ಕಂದಾಯವು ನಗದಿನಲ್ಲಿತ್ತು, ನಗದು ಸಾಹುಕಾರನ ಕೈಯಲ್ಲಿತ್ತು.

1876ರಲ್ಲಿ ಮಳೆ ಹೋದಾಗ ಈ ಸೀಮೆಯಲ್ಲಿ ಯಾವ ದಂಡೂ ಇರಲಿಲ್ಲ. ಆದರೂ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಎರಡು ವರ್ಷ ತತ್ತರಿಸಿದವು. ಮಳೆಯ ನೆರಳಿನಲ್ಲಿರುವ ಅಥಣಿಯ ಕಡೆಗೆ ಬವಣೆ ಸಹಜವಾಗಿಯೇ ಹೆಚ್ಚು. ಶಾಂತಿಕಾಲದ ಈ ಕ್ಷಾಮವು ಮೇಲಿನ ವಾದಕ್ಕೆ ವಿರುದ್ಧವಾದ ಸಾಕ್ಷ್ಯವೆಂದು ಯಾರಾದರೂ ಹೇಳಬಹುದು. ಸರ್ಕಾರದ ಲೆಕ್ಕಪತ್ರವನ್ನು ನೋಡಿದರೆ ಚಿತ್ರ ಬದಲಾಗುತ್ತದೆ. ಮುಂದಿನ ಬರಗಳಿಗಾಗಿ ವರ್ಷಕ್ಕೆ 1.5 ಕೋಟಿ ರೂಪಾಯಿ ತೆಗೆದಿಡಬೇಕೆಂದು ವೈಸರಾಯ್ ಲಿಟ್ಟನ್ ಸರ್ಕಾರ 1878ರಲ್ಲಿ ಹೊಸ ತೆರಿಗೆ ಹೇರಿತು. ಸಣ್ಣ ವ್ಯಾಪಾರಿಗಳನ್ನೂ ಬಿಡದ ಲೈಸೆನ್ಸ್ ತೆರಿಗೆ ಅದರಲ್ಲಿ ಸೇರಿತ್ತು. ಅದೇ ವರ್ಷದ ನವೆಂಬರಿನಲ್ಲಿ ಅಫಘಾನ್ ಯುದ್ಧ ಶುರುವಾಯಿತು. ಮರುವರ್ಷ ಕ್ಷಾಮನಿಧಿಗೆ ಹಣ ತೆಗೆದಿಡುವುದು ನಿಂತಿತು, ತೆರಿಗೆ ನಿಲ್ಲಲಿಲ್ಲ. ಕುದುರೆಯ ಮೇವಿಗಾಗಿ ಕೊಟ್ಟ ಘಾಸದಾಣಾ ಊರ ಮುಂದೆ ನಿಂತ ದಂಡಿಗೆ ಹೋಗುತ್ತಿತ್ತು, ಕೊಟ್ಟವನ ಕಣ್ಣಿಗೆ ಕಾಣುತ್ತಿತ್ತು. ಬರದ ಹೆಸರಿನಲ್ಲಿ ಕೊಟ್ಟ ಈ ಹಣ ಕಾಬೂಲಿನ ದಾರಿ ಹಿಡಿದದ್ದು ಅಥಣಿಯ ಅಂಗಡಿಕಾರನಿಗೆ ಕಾಣುವಂತಿರಲಿಲ್ಲ.